ಕಡಲಿಗೆ ಬಾಗಿಲು ಹಾಕುವ ತೂಬಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಂಜೂ ನೀರೂ ಒಂದೇ ಬಣ್ಣ. ಕಾಲುವೆ ಎಲ್ಲಿ ಮುಗಿಯಿತು, ಕಡಲು ಎಲ್ಲಿ ಶುರುವಾಯಿತು ಎನ್ನುವುದು ತಿಳಿಯುವುದಿಲ್ಲ. ಆ ಬೂದು ಬೆಳಗಿನಲ್ಲಿ, ಕಾಲುವೆಯ ಬಾಯಿಗೆ ಅಡ್ಡಲಾಗಿರುವ ಕಟ್ಟೆಯ ಮೇಲೆ ನಿಂತು, ಗಟ್ಟಿ ಮೈಕಟ್ಟಿನ ಹೆಂಗಸೊಬ್ಬರು ಎರಡೂ ಕೈಯಿಂದ ಕಬ್ಬಿಣದ ಚಕ್ರ ತಿರುಗಿಸುತ್ತಿದ್ದಾರೆ. ಚಕ್ರ ತಿರುಗಿದಂತೆ ಅವರ ಕಾಲ ಕೆಳಗೆ ಉಕ್ಕಿನ ದೊಡ್ಡ ಹಲಗೆಯೊಂದು ನೀರಿಗಿಳಿಯುತ್ತದೆ. ಒಳಬರುತ್ತಿದ್ದ ಅಲೆ ಹಲಗೆಗೆ ಮೈಯುಜ್ಜಿ, ಏನೋ ಮರೆತು ಬಂದಂತೆ ತುಸು ನಿಂತು, ಹಿಂದೆ ಸರಿಯುತ್ತದೆ. ಬೆನ್ನ ಹಿಂದೆ ಊರು ಇನ್ನೂ ಹೊದಿಕೆಯೊಳಗಿದೆ.

"ಮುಗೀತು. ಇನ್ನು ಇಳಿತ ಬರೋವರೆಗೂ ಅದು ಆ ಕಡೆ, ನಾವು ಈ ಕಡೆ," ಎಂದು ಅಂಗೈ ಒರೆಸಿಕೊಳ್ಳುತ್ತಾರೆ.

ಊರಿಗೆಲ್ಲ ಇವರು ತೂಬಕ್ಕ. ತಗ್ಗು ಬೀದಿಗಳ ಮಳೆನೀರೆಲ್ಲ ಈ ಕಾಲುವೆಯಿಂದಲೇ ಕಡಲು ಸೇರಬೇಕು. ಉಬ್ಬರ ಏರಿದರೆ ಅದೇ ದಾರಿ ಹಿಡಿದು ಕಡಲೇ ಊರೊಳಗೆ ಬರುತ್ತದೆ. ಏರಿದಾಗ ಈ ಹಲಗೆ ಇಳಿಸಿ ತೂಬು ಮುಚ್ಚುವುದು, ಇಳಿದಾಗ ತೆಗೆಯುವುದು, ಹೇಳಲು ಇಷ್ಟೇ. ಆದರೆ ಹಬ್ಬ ಹರಿದಿನವೆಂದು ಕಡಲೇನೂ ರಜೆ ಹಾಕುವುದಿಲ್ಲ.

ಈ ಕೆಲಸ ಮೊದಲು ಮಾವನದು. ಅವರ ಮಂಡಿ ಸೋತ ಮೇಲೆ ಸೊಸೆಯ ಕೈಗೆ ಬಂತು; ಮಗ ದೋಣಿ ರಿಪೇರಿಯವನು, ಅವನಿಗೆ ಪುರುಸೊತ್ತಿರಲಿಲ್ಲ. "ಮಾವನ ಕಾಲದಲ್ಲಿ ವರ್ಷಕ್ಕೆ ನಾಲ್ಕೈದು ಸಲ ಮುಚ್ಚಿದ್ರೆ ಹೆಚ್ಚು. ಚಕ್ರ ತುಕ್ಕು ಹಿಡೀದಿರ್ಲಿ ಅಂತ ಸುಮ್ನೆ ತಿರುಗಿಸ್ತಿದ್ರು. ಈಗ ಹುಣ್ಣಿಮೆ ಅಮಾವಾಸ್ಯೆ ಬಂದ್ರೆ ಸಾಕು, ಗಾಳಿಯಿಲ್ಲ ಮಳೆಯಿಲ್ಲ, ನೀರು ತಾನಾಗೇ ಮೇಲೆ ಬರುತ್ತೆ." ಯಾಕೆ ಹೀಗೆಂದು ಕಚೇರಿಯ ಇಂಜಿನಿಯರಮ್ಮನನ್ನು ಕೇಳಿದ್ದರಂತೆ. ಎಲ್ಲೋ ದೂರದ ಹಿಮ ಕರಗಿ ಬರುತ್ತಿದೆ, ಮೇಲಾಗಿ ಬಿಸಿಯಾದ ನೀರು ಹಿಗ್ಗುತ್ತದೆ ಎಂದು ಆಕೆ ಬಿಡಿಸಿ ಹೇಳಿದರು. "ಇಷ್ಟಗಲ ಕಡಲು ಒಂಚೂರು ಹಿಗ್ಗಿದ್ರೂ ಹೋಗೋದೆಲ್ಲಿಗೆ ಹೇಳಿ? ನಮ್ಮ ಹೊಸ್ತಿಲಿಗೇ ಬರಬೇಕು."

ಹೊಸ್ತಿಲೆಂದಾಗ ಅವರ ಕಣ್ಣು ತೂಬಿನ ಆಚೆಗೆ ಹೋಗುತ್ತದೆ. ಅಲ್ಲಿ ದಡದ ಮೇಲೆ ಒಂದು ಸಾಲು ಮನೆಗಳಿವೆ. ಕೊನೆಯದು ತೂಬಕ್ಕನದೇ. ಕಡಲಿನಿಂದ ಊರನ್ನು ಕಾಯುವವರ ಮನೆ, ಕಾವಲಿನ ಹೊರಗೆ.

ಹಿಂದಿನ ವರ್ಷ ಒಂದು ಅಮಾವಾಸ್ಯೆ. ದೂರದಲ್ಲೆಲ್ಲೋ ಎದ್ದ ಬಿರುಗಾಳಿ ನೀರನ್ನು ದಡಕ್ಕೆ ನೂಕುತ್ತಿದೆ, ಮಧ್ಯಾಹ್ನದ ಉಬ್ಬರ ಯಾವತ್ತೂ ಕಾಣದಷ್ಟು ಏರಬಹುದು ಎಂದು ಇಂಜಿನಿಯರಮ್ಮ ಬೆಳಿಗ್ಗೆಯೇ ಫೋನ್ ಮಾಡಿದರು. ದಡದ ಸಾಲಿನವರು ಗಂಟುಮೂಟೆ ಕಟ್ಟತೊಡಗಿದರು. ಮಾವ ಅಷ್ಟರಲ್ಲಿ ತೀರಿಕೊಂಡಿದ್ದರು. ಗಂಡ ದೋಣಿಗಳನ್ನು ಮೇಲೆಳೆಯಲು ಓಡಿದ್ದ. ಮನೆಯಲ್ಲಿದ್ದದ್ದು ಅತ್ತೆ ಒಬ್ಬರೇ. "ಮದುವೆಯಾಗಿ ಬಂದಾಗಿನಿಂದ ನೋಡಿದೀನಿ ಈ ನೀರನ್ನ, ನಂಗೇನು ಹೆದರಿಸುತ್ತೆ?" ಎಂದು ಮಂಚ ಬಿಟ್ಟು ಅಲುಗಲಿಲ್ಲ.

ತೂಬು ತೆರೆದೇ ಇದ್ದರೆ ಬಂದ ನೀರು ಊರೊಳಗೆ ಹರಡಿಕೊಳ್ಳುತ್ತದೆ. ಮುಚ್ಚಿದರೆ ಹೊರಗಿನ ಸಾಲಿನೆದುರು ನಿಂತು ಏರುತ್ತದೆ. ನೀರು ಬಣ್ಣ ಬದಲಿಸಿ ಸದ್ದಿಲ್ಲದೆ ಉಬ್ಬುತ್ತಿತ್ತು. ತೂಬಕ್ಕ ಚಕ್ರಕ್ಕೆ ಕೈ ಹಾಕಿದಾಗ ಪಕ್ಕದ ಮನೆಯ ಬಲೆ ಹೆಣೆಯುವವನು ಓಡಿಬಂದು ಚಕ್ರವನ್ನು ಹಿಡಿದುಕೊಂಡ.

"ಅಕ್ಕಾ, ಸ್ವಲ್ಪ ಹೊತ್ತು ತಡಿ. ನಿನ್ನ ಮನೇನೂ ಆ ಕಡೇನೇ ಇದೆ!"

"ಗೊತ್ತಪ್ಪ. ಈ ಕಡೆ ಆಸ್ಪತ್ರೆ ಇದೆ. ಹೆರಿಗೆ ವಾರ್ಡು ಕೆಳಗಿನ ಅಂತಸ್ತಲ್ಲೇ ಇದೆ."

ಅವನು ಕೈ ಬಿಡಲಿಲ್ಲ. ತೂಬಕ್ಕ ತಮ್ಮ ಮನೆಯ ಕಡೆ ಕೈ ತೋರಿಸಿದರು. "ನನ್ನ ಅತ್ತೆ ಒಳಗಿದ್ದಾರೆ ಕಣೋ. ನಾನು ಇಲ್ಲಿಂದ ಕದಲೋ ಹಾಗಿಲ್ಲ. ನೀನು ಹೋಗಿ ಎತ್ಕೊಂಡು ಬಾ. ಬರಲ್ಲ ಅಂತಾರೆ, ಬೈತಾರೆ, ಕೇಳಬೇಡ."

ಬಲೆಯವನು ಒಮ್ಮೆ ಅವರ ಮುಖ ನೋಡಿದ. ಚಕ್ರ ಬಿಟ್ಟು ಓಡಿದ.

ತೂಬಕ್ಕ ಹಲಗೆ ಇಳಿಸಿದರು. ನೀರು ಮೆಟ್ಟಿಲು ಹತ್ತಿತು, ಹೊಸ್ತಿಲು ದಾಟಿತು, ಕಿಟಕಿ ಮುಟ್ಟಿತು. ಎದೆಮಟ್ಟದ ನೀರಿನಲ್ಲಿ ಬಲೆಯವನು ಬರುವುದು ಕಂಡಾಗಲೇ ಅವರು ಉಸಿರು ಬಿಟ್ಟದ್ದು. ಹೆಗಲ ಮೇಲೆ ಅತ್ತೆ, ಬಾಯ್ತುಂಬ ಬೈಗುಳ. ಕಟ್ಟೆಯ ಮೇಲೆ ಕೂರಿಸಿದಾಗ ಅತ್ತೆ ಸೊಸೆಯ ಒದ್ದೆ ಕೈ ಹಿಡಿದು ಅಂದರಂತೆ: "ಬಾಗಿಲು ಹಾಕಿದ್ದು ಸರಿ ಬಿಡು. ಆದ್ರೆ ಚಪ್ಪಲಿ ಹಾಕ್ಕೊಳ್ಳೋಕಾದ್ರೂ ಬಿಡಬಾರದಾಗಿತ್ತಾ ಈ ಪುಣ್ಯಾತ್ಮ?"

ಆ ಸಾಲಿನಲ್ಲಿ ಯಾರ ಜೀವವೂ ಹೋಗಲಿಲ್ಲ. ಮನೆಗಳು ಮಾತ್ರ ವಾಸಕ್ಕೆ ಉಳಿಯಲಿಲ್ಲ. ತೂಬಕ್ಕನ ಮನೆಯ ಹಿಂಗೋಡೆ ಕುಸಿಯಿತು. ಊರೊಳಗೆ ಕಾಲು ಕೂಡ ಒದ್ದೆಯಾಗದ ಜನ, ಸುಮ್ಮನೆ ಹೆದರಿಸಿದರು ಎಂದು ಮರುದಿನ ಗೊಣಗಿದರು. "ಏನೂ ಆಗಲಿಲ್ಲ ಅಂತ ಜನ ಬೈದ್ರೆ ಕೆಲಸ ಸರಿಯಾಗಿದೆ ಅಂತ ಲೆಕ್ಕ," ಎಂದು ತೂಬಕ್ಕ ನಗುತ್ತಾರೆ. ಬಲೆಯವನ ಹೆಂಡತಿ ಮಾತ್ರ ಬಹಳ ದಿನ ಮಾತು ಬಿಟ್ಟಿದ್ದಳು. ಆ ಮಾತು ಬಂದರೆ ತೂಬಕ್ಕ ನಗುವುದಿಲ್ಲ. "ಅವಳ ಮನೆ ಮುಳುಗಿಸಿದ್ದು ಈ ಕೈಯೇ. ಸಿಟ್ಟು ಬರದೇ ಇರುತ್ತಾ?"

ಈಗ ಸಾಲಿನವರೆಲ್ಲ ಒಳಗಿನ ಬೀದಿಯ ಬಾಡಿಗೆ ಕೋಣೆಗಳಲ್ಲಿದ್ದಾರೆ. ತೂಬಕ್ಕನಿಗೆ ಸಿಕ್ಕಿದ್ದು ಮಹಡಿ ಮೇಲಿನ ಒಂದೇ ಕೋಣೆ. ಅತ್ತೆ ಕಿಟಕಿ ಪಕ್ಕದ ಜಾಗ ಹಿಡಿದಿದ್ದಾರೆ. ಹಳೆಯ ಮನೆಯಲ್ಲಿ ಉಬ್ಬರದ ಹೊತ್ತು ಕಡಲು ಮುಂಬಾಗಿಲಿನಿಂದ ಬರುತ್ತದೆ, ಅಡುಗೆಮನೆಯಲ್ಲಿ ಒಂದು ಸುತ್ತು ಹಾಕುತ್ತದೆ, ಬಿದ್ದ ಗೋಡೆಯ ಕಂಡಿಯಿಂದ ಹೊರಟುಹೋಗುತ್ತದೆ. ಬಿಸಿಲು ಬಿದ್ದರೆ ಗೋಡೆಯ ಮೇಲೆಲ್ಲ ನೀರಿನ ಬೆಳಕು ಕುಣಿಯುತ್ತದೆ. "ಚೆಂದ ಕಾಣುತ್ತೆ," ಎನ್ನುತ್ತಾರೆ ತೂಬಕ್ಕ, ತಪ್ಪು ಮಾತಾಡಿದವರಂತೆ ತಗ್ಗಿದ ದನಿಯಲ್ಲಿ.

ಏನಾದರೂ ಆಸೆ ಉಂಟೇ ಎಂದರೆ ಕಡಲಿನತ್ತ ತಿರುಗುತ್ತಾರೆ. ಮಂಜು ಕರಗಿ ದಿಗಂತ ಗೆರೆಯಾಗುತ್ತಿದೆ.

"ಒಂದಿನ ಸಮುದ್ರ ನೋಡೋಕೆ ಹೋಗಬೇಕು," ಎನ್ನುತ್ತಾರೆ. "ನಗಬೇಡಿ. ಬೇರೆಯವರೆಲ್ಲ ಹೋಗಲ್ವಾ, ಮರಳಲ್ಲಿ ಕಾಲು ಚಾಚ್ಕೊಂಡು ಕೂರೋಕೆ? ಹಾಗೆ. ಅತ್ತೇನೂ ಕರ್ಕೊಂಡು. ಎಷ್ಟು ಏರ್ತು ಅಂತ ನೋಡಬಾರದು. ಸುಮ್ನೆ ನೋಡಬೇಕು."