ಹುಳುಕಿನಾಚೆ ಒಂದಿಷ್ಟು

ಹುಳುಕು ಬದನೆಕಾಯಿ ಹೆಚ್ಚುವುದರಲ್ಲೇ ಮನುಷ್ಯರ ಸ್ವಭಾವ ತಿಳಿಯುತ್ತದೆ ಎಂದರೆ ನೀವು ನಗಬಹುದು. ನಾನು ತೂತು ಕಂಡೊಡನೆ ಅರ್ಧ ಕಾಯಿಯನ್ನೇ ಒಗೆಯುವವಳು. ಕುರುಗೋಡಿನಲ್ಲಿರುವ ನನ್ನ ಅಕ್ಕ ಗೌರಕ್ಕನೋ, ಈಳಿಗೆಯ ಮುಂದೆ ಕುಳಿತು ಹುಳು ಓಡಾಡಿದ ದಾರಿಯನ್ನಷ್ಟೇ ಕೆತ್ತಿ, ಉಳಿದದ್ದನ್ನೆಲ್ಲ ಪಲ್ಯಕ್ಕೆ ಸೇರಿಸುವವಳು. "ಒಳ್ಳೇದನ್ನ ಯಾಕ ಒಗೀತಿ? ದೇವ್ರು ಮೆಚ್ತಾನನು?" ಎಂದು ನನ್ನನ್ನು ಗದರುವುದು ಅವಳ ನಿತ್ಯದ ಕೆಲಸ.

ಆ ಅಕ್ಕನ ನಾಲಿಗೆಯ ಪಕ್ಕದಲ್ಲಿ, ವರ್ಷಗಟ್ಟಲೆ ಎಲೆ-ಅಡಿಕೆಯ ಜೊತೆ ತಂಬಾಕು ಇಟ್ಟುಕೊಂಡ ಕಡೆಯಲ್ಲೇ, ಹುಣ್ಣೊಂದು ಎದ್ದಿತು. ಉಷ್ಣವೆಂದು ಮಜ್ಜಿಗೆ ಕುಡಿದಳು, ತುಪ್ಪ ಸವರಿದಳು, ಮಾಯಲಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. "ಕೆಟ್ಟದ್ದಷ್ಟ ತಗೀರಿ ಡಾಕ್ಟ್ರೇ, ಮಾತು ಉಳಿಸ್ರಿ" ಎಂದು ಅಕ್ಕ ಕೈಮುಗಿದಳು. ಎಷ್ಟಾದರೂ ತೆಗೆಯಲಿ, ಅಕ್ಕ ಉಳಿದರೆ ಸಾಕು ಎಂದು ನನ್ನೊಳಗೆ ಕೂಗು.

ಡಾಕ್ಟರಮ್ಮ ಸಮಾಧಾನದಿಂದ ಹೇಳಿದರು: "ಹುಣ್ಣಿನ ಸುತ್ತ ಒಂಚೂರು ಒಳ್ಳೇದೂ ತಗೀಬೇಕಾಗತೈತಮ್ಮ, ಅದರ ಬೇರು ಕಣ್ಣಿಗೆ ಕಾಣಂಗಿಲ್ಲ. ನೀವು ಮಂಪರಿನಾಗ ಇದ್ದಾಗ್ಲೇ ಅಂಚಿನ ಚೂರು ಲ್ಯಾಬಿಗೆ ಕಳಿಸ್ತೀವಿ. ಐಸಿನಂಗ ಗಟ್ಟಿ ಮಾಡಿ, ತೆಳ್ಳಗ ಕೊಯ್ದು, ಮೈಕ್ರೋಸ್ಕೋಪಿನಾಗ ನೋಡಿ ಹೇಳ್ತಾರ. ಸ್ವಚ್ಛ ಇದ್ರ ಅಲ್ಲೇ ನಿಲ್ಲಸ್ತೀವಿ. ಇಲ್ಲಂದ್ರ ಆ ಕಡಿಗಷ್ಟ ಇನ್ನೊಂಚೂರು."

ಆಪರೇಷನ್ನಿನ ದಿನ ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ಕಿಟಕಿಯಾಚೆ ಕೋಟೆಗುಡ್ಡ ಬಿಸಿಲಿಗೆ ಕಾಯುತ್ತಿತ್ತು. ನರ್ಸ್ ಬಂದು, "ಒಂದು ಅಂಚಿನಾಗ ಇನ್ನೂ ಐತಂತ್ರಿ, ಮತ್ತ ತಗಿಯಾಕತ್ತಾರ" ಎಂದಾಗ ಬೆಂಚಿನಿಂದ ಎದ್ದು ಬಾಗಿಲವರೆಗೂ ಹೋದೆ. ಆಮೇಲೆ ಹೊಳೆಯಿತು, ಇದು ಕೆಟ್ಟ ಸುದ್ದಿಯಲ್ಲ: ಉಳಿದದ್ದು ಹೊಲಿಗೆ ಹಾಕುವ ಮುನ್ನವೇ ಕಂಡಿತಲ್ಲ! ನಮ್ಮ ಮನೆಗಳ ಜಗಳಗಳಲ್ಲಿ ನಾವು ಒಂದೋ ಕೆಟ್ಟದ್ದನ್ನು ಒಳಗೇ ಬಿಟ್ಟು ಹೊಲಿದುಬಿಡುತ್ತೇವೆ, ಇಲ್ಲವೇ ಸಿಟ್ಟಿನ ಭರದಲ್ಲಿ ಒಳ್ಳೆಯದನ್ನೂ ಕಡಿದು ಒಗೆಯುತ್ತೇವೆ. ಕೊಯ್ದು, ನಿಂತು, ನೋಡಿ, ಬೇಕಾದಲ್ಲಷ್ಟೇ ಮತ್ತೆ ಕೊಯ್ಯುವ ತಾಳ್ಮೆ ನಮಗೆಲ್ಲಿದೆ? ಎರಡನೇ ಸಲ ಅಂಚು ಸ್ವಚ್ಛವೆಂದು ಬಂತು. ನಾನು ಅಲ್ಲೇ ಅತ್ತುಬಿಟ್ಟೆ.

ಸಿರುಗುಪ್ಪದ ಅಕ್ಕಿಯ ಮೆತ್ತನೆ ಗಂಜಿ ಉಂಡು ಅಕ್ಕ ಚೇತರಿಸಿಕೊಂಡಳು. ತಪಾಸಣೆಗೆಂದು ಬಳ್ಳಾರಿಗೆ ಇನ್ನೂ ಬರುತ್ತಿರುತ್ತಾಳೆ. ಎಲೆ-ಅಡಿಕೆಯ ಡಬ್ಬಿಯಲ್ಲೀಗ ಸೂಜಿ-ದಾರ. ಮಾತು ತುಸು ತೊದಲುತ್ತದೆ, ಗದರಿಕೆ ಮಾತ್ರ ಮೊದಲಿನಷ್ಟೇ ಖಾರ.

ಮೊನ್ನೆ ಕುರುಗೋಡಿಗೆ ಹೋದಾಗ ಈಳಿಗೆಯ ಮುಂದೆ ಕುಳಿತಿದ್ದಳು. ಹುಳುಕನ್ನು ಕೆತ್ತಿದಳು, ಕಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು, ತೆಳ್ಳಗೆ ಇನ್ನೊಂದು ಹೋಳು ತೆಗೆದಳು. ಅಭ್ಯಾಸಬಲದಿಂದ ನಾನು ಆ ಹೋಳನ್ನು ಒಗೆಯಲೆಂದು ಕೈಚಾಚಿದೆ.

"ತಡಿಯೇ," ಎಂದಳು ಗೌರಕ್ಕ, "ಅಂಚು ನೋಡಾಕತ್ತೀನಿ."