ಶಿವಲಕ್ಷ್ಮಿ ತೊಳೆದ ಹಲ್ಲುಗಳು

ಬೆಟಗೇರಿಯಿಂದ ಮೊದಲ ಬಸ್ ಹಿಡಿದು ಬರುವ ಶಿವಲಕ್ಷ್ಮಿ ಆರೂವರೆಗೆಲ್ಲ ಗದಗಿನ ಖಾಸಗಿ ದಂತ ಪ್ರಯೋಗಾಲಯವೊಂದರ ಬಾಗಿಲು ತೆರೆಯುತ್ತಾರೆ. ಕೈಗವಸು ಹಾಕಿಕೊಂಡು ಬಾಟಲಿಗಳನ್ನು ಇಳಿಸುತ್ತಾರೆ. ಒಳಗಿರುವುದು ಸುತ್ತಲಿನ ದವಾಖಾನೆಗಳಲ್ಲಿ ಕಿತ್ತ ಹಲ್ಲುಗಳು. ಒಂದೊಂದನ್ನೇ ನಲ್ಲಿಯ ಕೆಳಗೆ ಹಿಡಿದು, ಸಣ್ಣ ಬ್ರಷ್ಷಿನಿಂದ ಬೇರಿನ ಸಂದಿಯವರೆಗೂ ತಿಕ್ಕುತ್ತಾರೆ. ದಿನಕ್ಕೆ ಅರವತ್ತು, ಎಪ್ಪತ್ತು. ಹದಿನಾಲ್ಕು ವರ್ಷಗಳಿಂದ ಇದೇ ಕೆಲಸ.

ಹುಟ್ಟಿದ್ದು ಮುಂಡರಗಿ ತಾಲ್ಲೂಕಿನ ಹಳ್ಳಿಯಲ್ಲಿ. ಏಳನೆಯ ತರಗತಿಗೆ ಶಾಲೆ ಬಿಟ್ಟವರು, ಗಂಡ ತೀರಿಕೊಂಡ ಮೇಲೆ ಗುತ್ತಿಗೆಯ ಮೇಲೆ ಇಲ್ಲಿ ಅಟೆಂಡರ್ ಆದರು. ಮೊದಮೊದಲು ಊಟವೇ ಸೇರುತ್ತಿರಲಿಲ್ಲವಂತೆ. "ಈಗ ಜ್ವಾಳಾ ಹಸನ ಮಾಡಿದಂಗ ಆಗೇತ್ರಿ" ಎನ್ನುತ್ತಾರೆ.

ಹೋದ ವರ್ಷ ಆ ಕೈಯ ಮೇಲೇ ಅನುಮಾನ ಬಂತು. ಕಂದುಗಟ್ಟಿದ ಹಲ್ಲುಗಳ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ಡಾ. ನೂರೀನ, ಕಂದು, ಬಿಳಿ ಎರಡೂ ಸೇರಿ ನಲವತ್ತು ಹಲ್ಲುಗಳನ್ನು ಒಂದಿಡೀ ದಿನ ಗುಲಾಬಿ ಬಣ್ಣದ ದ್ರಾವಣದಲ್ಲಿ ನೆನೆಸಿದ್ದರು. ಆಮೇಲೆ ಅವನ್ನು ತೊಳೆದವರು ಶಿವಲಕ್ಷ್ಮಿ. ಆ ಬಣ್ಣ ಇಳಿದ ಜಾಗ ಸೂಕ್ಷ್ಮದರ್ಶಕದ ಹಸಿರು ಬೆಳಕಿನಲ್ಲಿ ಕೆಂಪಗೆ ಹೊಳೆಯುತ್ತದೆ. ಬಿಳಿಯ ಹಲ್ಲುಗಳು ಹೊಳೆಯಲಿಲ್ಲ. ಕಂದು ಹಲ್ಲುಗಳು ಕೆಂಡದಂತೆ ಹೊಳೆದವು. ಮಾರ್ಗದರ್ಶಕ ವೈದ್ಯರು ನೋಡಿ, ಇವನ್ನು ಸರಿಯಾಗಿ ತೊಳೆದಿಲ್ಲ, ನಲವತ್ತನ್ನೂ ಎಸೆಯಿರಿ ಎಂದರು. ಶಿವಲಕ್ಷ್ಮಿಯ ಗುತ್ತಿಗೆ ಮುಗಿಯಲು ಇನ್ನೊಂದೇ ತಿಂಗಳಿತ್ತು. ಆದರೂ ಸುಮ್ಮನಿರಲಿಲ್ಲ.

"ಎರಡೂ ನಾನ ತೊಳದೇನ್ರಿ ಸರ. ನನ್ನ ಕೈ ತಪ್ಪಿದ್ರ ಬಿಳೀವೂ ಹೊಳೀಬೇಕಾಗಿತ್ತಲ್ರಿ?"

ಇನ್ನೊಮ್ಮೆ ಮಾಡೋಣ ಎಂದವರು ನೂರೀನ. ಈ ಸಲ ಎರಡೂ ಬಗೆಯ ಹಲ್ಲುಗಳನ್ನು ಒಂದೇ ಪಾತ್ರೆಯಲ್ಲಿ ನೆನೆಸಿ, ಇಬ್ಬರೂ ವೈದ್ಯರ ಕಣ್ಣೆದುರೇ ಶಿವಲಕ್ಷ್ಮಿ ತೊಳೆದರು. ಆ ವಾರವಷ್ಟೇ ಕೀಳಿಸಿಕೊಂಡಿದ್ದ ತಮ್ಮದೇ ಕಂದು ದವಡೆಹಲ್ಲನ್ನೂ ಅದರಲ್ಲಿ ಸೇರಿಸಿದ್ದರು. ಫಲಿತಾಂಶ ಬದಲಾಗಲಿಲ್ಲ. ಸೀಳಿ ನೋಡಿದರೆ ಬಣ್ಣ ಹಲ್ಲಿನ ಮೇಲೆ ಅಂಟಿರಲಿಲ್ಲ, ಒಳಕ್ಕೆ ಇಳಿದಿತ್ತು. ಚಿಕ್ಕಂದಿನಲ್ಲಿ ಫ್ಲೋರೈಡ್ ಹೆಚ್ಚಿದ್ದ ನೀರು ಕುಡಿದವರ ಹಲ್ಲಿನ ಹೊರಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿದುಬಿಡುತ್ತವೆ, ಕಲೆ ಕೂರುವುದು ಅಲ್ಲೇ ಎಂದು ವಿವರಿಸಿ, ನೂರೀನ ಶಿವಲಕ್ಷ್ಮಿಯ ಹಲ್ಲನ್ನು ಸೂಕ್ಷ್ಮದರ್ಶಕದಲ್ಲಿ ಅವರಿಗೇ ತೋರಿಸಿದರು.

ಶಿವಲಕ್ಷ್ಮಿ ಬಹಳ ಹೊತ್ತು ಅಲ್ಲಿಂದ ಕಣ್ಣು ತೆಗೆಯಲಿಲ್ಲ. ಶಾಲೆಯಲ್ಲಿ ಹಲ್ಲು ತಿಕ್ಕದವಳೆಂದು ಅವರನ್ನು ದಿನಾ ಎಬ್ಬಿಸಿ ನಿಲ್ಲಿಸುತ್ತಿದ್ದರು. ಮನೆಗೆ ಬಂದು, ಒಸಡಿನಿಂದ ರಕ್ತ ಬರುವವರೆಗೂ ಇಟ್ಟಿಗೆ ಪುಡಿಯಿಂದ ತಿಕ್ಕುತ್ತಿದ್ದರು.

ಗುತ್ತಿಗೆ ಮುಂದುವರಿದಿದೆ. ನೂರೀನರ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಹೆಸರೂ ಬಂದಿದೆ. ಇಂಗ್ಲಿಷಿನಲ್ಲಿದ್ದ ಅದನ್ನು ಮಗಳು ಅಂಕಿತಾ ಓದಿ ಹೇಳಿದ್ದಾಳೆ. ಆದರೆ ಶಿವಲಕ್ಷ್ಮಿ ಒತ್ತಿ ಹೇಳುವುದು ಬೇರೆಯದನ್ನು. ಹೋದ ತಿಂಗಳು ತವರಿಗೆ ಹೋದಾಗ ಶಾಲೆಯ ಮಾಸ್ತರರನ್ನು ಕಂಡು ಬಂದರಂತೆ.

"ಹುಡುಗ್ರಿಗೆ ಹಲ್ಲ ತಿಕ್ಕೀರೇನು ಅಂತ ಕೇಳಬ್ಯಾಡ್ರಿ ಸರ, ಯಾವ ನೀರ ಕುಡೀತೀರಿ ಅಂತ ಕೇಳ್ರಿ ಅಂದ್ನಿ."