ಮುಳ್ಳು ಹಾಕಿದ ಮನೆಯ ಬಾತುಗಳು

ಮೂಕಮ್ಮ ಕೆಟ್ಟ ನಕ್ಷತ್ರದಲ್ಲಿ ಸತ್ತಳು. ಅಗಳಿ ಕಡೆಯ ಆ ಊರಿನಲ್ಲಿ ಅಂಥ ಸಾವಾದರೆ ಬಾಗಿಲಿಗೆ ಮುಳ್ಳು ಹಾಕಿ ಆರು ತಿಂಗಳು ಮನೆ ಬಿಡಬೇಕು; ಹಿತ್ತಲಿಗೂ ಕಾಲಿಡುವಂತಿಲ್ಲ. ಮದ್ರಾಸಿನ ದೊರೆಗಳು ಎಷ್ಟೋ ಕಾನೂನು ತಂದರೂ ಈ ಕಾನೂನಿನ ತಂಟೆಗೆ ಬಂದಿರಲಿಲ್ಲ. ಗಂಡ ಜುಂಜಣ್ಣ, ಮಗ ಪೆದ್ದಣ್ಣ, ಸೊಸೆ ಪಾಲಮ್ಮ ಪಾತ್ರೆ ಪಡಗ ಹೊತ್ತು ಊರಾಚೆಯ ಗುಡಿಸಲು ಸೇರಿದರು.

ಮನುಷ್ಯರು ಮನೆ ಬಿಟ್ಟರು, ಮೂಕಮ್ಮನ ಆರು ಬಾತುಗಳು ಬಿಡಲಿಲ್ಲ. ಗುಡಿಸಲ ಬಳಿ ಪಾಲಮ್ಮ ಹೊಸ ಗೂಡು ಕಟ್ಟಿದಳು. ಸಂಜೆ ಕೆರೆಯಿಂದೆದ್ದು ಬಂದ ಬಾತುಗಳು ಅದನ್ನು ಕಣ್ಣೆತ್ತಿಯೂ ನೋಡದೆ ಹಳೆಯ ಹಿತ್ತಲಿಗೇ ನಡೆದವು. ಮಳೆಗಾಲವಾದರೂ ಬೆಳಿಗ್ಗೆ ನೋಡಿದರೆ ಒಂದರ ಹೊಟ್ಟೆಗೂ ಕೆಸರು ಅಂಟಿರಲಿಲ್ಲ. ಬೇಲಿಯಿಂದ ಇಣುಕಿದಳು. ಗೂಡಿನಲ್ಲಿ ಹೊಸದಾಗಿ ಕಡಲೆಕಾಯಿ ಸಿಪ್ಪೆ, ಮೇಲೆ ಒಣ ರಾಗಿ ಹುಲ್ಲು, ಗೋಡೆಯ ಅಂಚಿಗೆ ತುಸು ದಪ್ಪವಾಗಿ. ಅತ್ತೆ ಹಾಸುತ್ತಿದ್ದುದೇ ಹೀಗೆ. ಪಾಲಮ್ಮ ಹೆದರಿ ಬೇಲಿಯಿಂದ ಹಿಂದೆ ಸರಿದಳು.

ಹೆದರಲು ಕಾರಣವಿತ್ತು. ಆ ಮಳೆಗಾಲ ಅತ್ತೆ ಗೂಡಿನ ಕೆಲಸವನ್ನು ಅವಳಿಗೆ ಒಪ್ಪಿಸಿ, "ದಿನಾ ಒಣಹುಲ್ಲು ಹಾಕಮ್ಮಿ" ಎಂದಿದ್ದಳು. ನೀರಿನಲ್ಲೇ ಬಾಳುವ ಹಕ್ಕಿಗೆ ಹುಲ್ಲು ಒದ್ದೆಯಾದರೇನು ಎಂದುಕೊಂಡ ಈ ಜಾಣೆ ವಾರಗಟ್ಟಲೆ ಹಾಕಲೇ ಇಲ್ಲ, ಹಾಕಿದೆನೆಂದು ಸುಳ್ಳು ಹೇಳಿದಳು. ಒದ್ದೆಗೆ ಕಾಲು ಹುಣ್ಣಾಗಿ ಬಾತುಗಳು ಕುಂಟತೊಡಗಿದವು. ಮುದುಕಿ ಜಡಿಮಳೆಯಲ್ಲೇ ಗೂಡಿಗೆ ನುಗ್ಗಿ ಕೊಳೆತದ್ದನ್ನೆಲ್ಲ ಬಾಚಿ ಹಾಕಿದಳು. ಅಂದು ಹಿಡಿದ ಚಳಿಜ್ವರ ಒಂಬತ್ತನೆಯ ದಿನಕ್ಕೆ ಅವಳನ್ನು ಒಯ್ದಿತು.

ಸತ್ತವಳು ಇನ್ನೂ ಹೋಗಿಲ್ಲ, ತನ್ನ ಸುಳ್ಳಿಗಾಗಿಯೇ ಕಾದಿದ್ದಾಳೆ ಎಂದು ಪಾಲಮ್ಮನಿಗೆ ಖಾತ್ರಿಯಾಯಿತು. "ಬಾತು ಯಾಕೆ ಅಲ್ಲಿಗೇ ಹೋಗ್ತವೋ" ಎಂದು ಪೆದ್ದಣ್ಣ ಸುಮ್ಮನೆ ಅಂದರೂ ಬೆಚ್ಚುವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಮನೆ ಬಿಟ್ಟ ಹದಿನೇಳನೆಯ ಸಂಜೆ ತಡೆಯಲಾರದೆ ಬೇಲಿ ದಾಟಿದಳು. ಗೂಡಿನ ಬಾಯಲ್ಲಿ ಅತ್ತೆಯ ಕಂಬಳಿ ಹೊದ್ದ ಬೆನ್ನೊಂದು ಬಗ್ಗಿ ಅಲ್ಲಾಡುತ್ತಿತ್ತು.

"ತಪ್ಪಾಯ್ತು ಅತ್ತೆ! ಹುಲ್ಲು ಹಾಕ್ದೆ ಸುಳ್ಳು ಹೇಳ್ದೆ. ನಾನೇ ನಿನ್ನ ಕೊಂದೆ!" ಎಂದು ನೆಲಕ್ಕೆ ಬಿದ್ದಳು.

ತಿರುಗಿದ್ದು ಮಾವ.

"ಏಳಮ್ಮಿ, ಯಾರೂ ಯಾರ್ನೂ ಕೊಲ್ಲಲಿಲ್ಲ," ಎಂದ ಜುಂಜಣ್ಣ. "ಅವ್ಳ ಬಾತು ಒದ್ದೇಲಿ ಮಲಗಿದ್ರೆ ನಂಗೆ ನಿದ್ದೆ ಬರಲ್ಲ. ಊರೋರ ಕಣ್ಣು ತಪ್ಪಿಸಿ ಬರ್ತೀನಿ. ನೀನು ಹುಲ್ಲು ಹಾಕಿರ್ಲಿಲ್ಲ ಅಂತ ಅವ್ಳಿಗೆ ಗೊತ್ತಿತ್ತು."

"ಮತ್ತೆ ಒಂದು ಮಾತೂ ಬೈಲಿಲ್ವಲ್ಲ ಮಾವ?"

"ಬೈತಾಳಾ? ಬಸುರಿ ಹುಡ್ಗಿ, ಬಗ್ಗಕ್ಕಾಗಲ್ಲ, ಹೇಳಕ್ಕೆ ನಾಚ್ಕೆ ಪಡ್ತಾವ್ಳೆ ಅಂದ್ಲು. ಜ್ವರದಾಗೂ ಅದೇ ಮಾತು. ಮೊಮ್ಮಗು ಬತ್ತದೆ ಅಂತ ನಗ್ತಾನೇ ಹೋದ್ಲು ಕಣಮ್ಮಿ."

ಪಾಲಮ್ಮ ಬಸುರಿಯಾಗಿರಲಿಲ್ಲ. ಸೋಮಾರಿಯಾಗಿದ್ದಳು, ಅಷ್ಟೆ. ಬೈಗುಳವಾಗಿದ್ದರೆ ತಲೆಬಾಗಿ ತಿಂದುಬಿಡುತ್ತಿದ್ದಳು. ಈ ಪ್ರೀತಿಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. ನಿಜ ಹೇಳಲು ಬಾಯಿ ತೆರೆದಳು. ತೆರೆದ ಬಾಯಿ ಮುಚ್ಚಿ, ಕಣ್ಣೊರೆಸಿಕೊಂಡು ಹುಲ್ಲಿನ ಕಂತೆಗೆ ಕೈ ಹಾಕಿದಳು.

ಜುಂಜಣ್ಣ ಅದನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡ.

"ನೀನು ಬಗ್ಗಬ್ಯಾಡ," ಎಂದ. "ನಾನ್ ಹಾಸ್ತೀನಿ."